ಗಾಜಿನೊಳಗೆ ಎಷ್ಟು ಕಡಲು?

(ಅತ್ತೆ ಕರಾವಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಸೋದರಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಬಾಡಿಗೆ ಫ್ಲಾಟಿನ ಹಾಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಅದರೆದುರು ಟ್ರೈಪಾಡ್ ಮೇಲೆ ಕ್ಯಾಮೆರಾ. ರಾತ್ರಿ ಊಟ ಮುಗಿದಿದೆ.)

ಅತ್ತೆ: ಎಂತ ಮಾರಾಯ, ಇಷ್ಟು ದೊಡ್ಡ ತೊಟ್ಟಿಯಲ್ಲಿ ಮೀನೇ ಕಾಣುವುದಿಲ್ಲ. ಮರಳು, ಕಲ್ಲು, ನೀರು. ಇದನ್ನು ಬಿಟ್ಟು ಬರಲಿಕ್ಕಾಗುವುದಿಲ್ಲ ಅಂತಲಾ ನೀನು ಹಬ್ಬಕ್ಕೂ ಊರಿಗೆ ಬಾರದ್ದು?

ಅಳಿಯ: ಆ ಕಲ್ಲಿನ ಬುಡದಲ್ಲಿ ಒಂದು ತೂತು ಇದೆ, ಅಲ್ಲಿ ನೋಡಿ ಅತ್ತೆ. ಸ್ವಲ್ಪ ಹೊತ್ತು ಅಲ್ಲಾಡಬೇಡಿ. ಬಂತು, ಬಂತು.

ಅತ್ತೆ: ಹಾಂ, ಕಂಡಿತು. ಬಿಳಿ ಮೈ, ಕೆಂಪು ಪಟ್ಟೆ, ಬೆನ್ನ ಮೇಲೆ ಉದ್ದದ ರೆಕ್ಕೆ. ಬೆರಳಿನಷ್ಟೂ ಇಲ್ಲ. ಅದರ ಹಿಂದೆ ಮರಳು ದೂಡುತ್ತಾ ಬಂದದ್ದು ಯಾವುದು? ಸಿಗಡಿಯಾ?

ಅಳಿಯ: ಪಿಸ್ತೂಲು ಸಿಗಡಿ. ಮೀನಿನ ಹೆಸರು ಯಾಶಾ ಗೋಬಿ. ಸಿಗಡಿಗೆ ದೃಷ್ಟಿ ಮಂದ, ಆದರೆ ಗುಂಡಿ ತೋಡುವುದರಲ್ಲಿ ಗಟ್ಟಿ. ಮೀನಿಗೆ ತೋಡಲು ಬರುವುದಿಲ್ಲ, ಕಣ್ಣು ಮಾತ್ರ ಚುರುಕು. ಹಾಗಾಗಿ ಒಂದೇ ಬಿಲದಲ್ಲಿ ಇಬ್ಬರ ಸಂಸಾರ. ಸಿಗಡಿ ಹೊರಗೆ ಬಂದಾಗೆಲ್ಲ ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅದುರಿಸುತ್ತದೆ, ಮರುಕ್ಷಣ ಇಬ್ಬರೂ ಒಳಗೆ.

ಅತ್ತೆ: ಇದನ್ನು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದುಂಟು. ಜೀವ ಇರುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಹಾಗಂತ ನೀನು ಗೆದ್ದೆ ಅಂತ ತಿಳಿಯಬೇಡ. ಇವು ಎಲ್ಲಿಯವು?

ಅಳಿಯ: ಪಶ್ಚಿಮ ಪೆಸಿಫಿಕ್ ಸಾಗರದವು. ಇಪ್ಪತ್ತು ಮೂವತ್ತು ಮೀಟರ್ ಆಳದಲ್ಲಿ, ಮರಳು ಇರುವ ಕಡೆ ಸಿಗುತ್ತವೆ. ಈ ಗೋಬಿಗೆ ವಿಜ್ಞಾನಿಗಳು ಹೆಸರಿಟ್ಟದ್ದೇ 2001ರಲ್ಲಿ.

ಅತ್ತೆ: ಹೆಸರು ಸಿಕ್ಕಿ ಕಾಲು ಶತಮಾನ ಆಗುವುದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕೂತು ವಿಮಾನದಲ್ಲಿ ಬೆಂಗಳೂರಿಗೆ ಬಂತು. ಹಿಡಿದವರು ಯಾರು? ಬಲೆಯಲ್ಲಿ ಹಿಡಿದರಾ, ಸಯನೈಡ್ ಚಿಮುಕಿಸಿ ಮಂಕು ಮಾಡಿ ಹಿಡಿದರಾ? ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಹಾಗೆ ಹಿಡಿಯುತ್ತಿದ್ದರು ಅಂತ ಓದಿದ್ದೇನೆ. ಮೀನು ಆಗ ಸಾಯುವುದಿಲ್ಲ, ಆಮೇಲೆ ಸಾಯುತ್ತದೆ. ಪಕ್ಕದ ಹವಳವೂ ಸಾಯುತ್ತದೆ.

ಅಳಿಯ: ಅಂಗಡಿಯವರನ್ನು ಕೇಳಿದೆ. ಯಾವ ದೇಶದಿಂದ ಬಂತು ಎಂದು ಹೇಳಿದರು. ಹಿಡಿದದ್ದು ಹೇಗೆ ಎಂಬುದು ಅವರಿಗೂ ಗೊತ್ತಿಲ್ಲ.

ಅತ್ತೆ: ಅಲ್ಲಿಗೆ ನಿನ್ನ ತೊಟ್ಟಿಯ ಚರಿತ್ರೆ ಅಂಗಡಿಯ ಬಾಗಿಲಲ್ಲಿ ನಿಂತಿತು.

ಅಳಿಯ: ಒಪ್ಪಿದೆ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಮಲ್ಪೆ ದಕ್ಕೆಯಲ್ಲಿ ಟ್ರಾಲ್ ಬೋಟುಗಳು ಬಂದಾಗ ನೀವೇ ನನ್ನನ್ನು ಕರೆದುಕೊಂಡು ಹೋಗಿದ್ದೀರಿ. ಮಾರುವ ಮೀನು ಒಂದು ಕಡೆ, ಮಾರಲಾಗದ ಜೀವಗಳ ರಾಶಿ ಇನ್ನೊಂದು ಕಡೆ. ಮ್ಯಾಂಟಿಸ್ ಸಿಗಡಿ, ಪುಟ್ಟ ಏಡಿ, ನಕ್ಷತ್ರಮೀನು, ಮರಿಮೀನು ಎಲ್ಲ ಬಿಸಿಲಿಗೆ ಒಣಗಿ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಯಾರೂ ಎಲ್ಲಿಂದ, ಹೇಗೆ ಎಂದು ಕೇಳುವುದಿಲ್ಲ. ಒಂದು ಸಿಗಡಿಗೆ ದಿನಾ ಊಟ ಹಾಕಿ ಬದುಕಿಸಿಟ್ಟ ನನ್ನನ್ನು ಮಾತ್ರ ಕೇಳುತ್ತೀರಿ.

ಅತ್ತೆ: ಊರೆಲ್ಲ ತೋಟಕ್ಕೆ ನುಗ್ಗಿ ಬಾಳೆಗೊನೆ ಕಡಿದಿದ್ದಾರೆ ಅಂತ ನೀನೂ ಒಂದು ಗೊನೆ ಇಳಿಸಬಹುದಾ? ಆ ರಾಶಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಅಲ್ಲಿ ಒಬ್ಬನ ಹೊಟ್ಟೆಪಾಡು ಉಂಟು, ಬಂಗುಡೆ ತಿನ್ನುವ ನನ್ನ ಪಾಲೂ ಉಂಟು. ನಿನ್ನದು ಕಣ್ಣಿನ ಹಸಿವು. ಕಣ್ಣಿನ ಹಸಿವು ತೀರುವುದಿಲ್ಲ ಮಾರಾಯ. ಇವತ್ತು ಗೋಬಿ, ನಾಳೆ ಇನ್ನೊಂದು, ಯಾರ ಹತ್ತಿರವೂ ಇಲ್ಲದ್ದು.

ಅಳಿಯ: ಕಣ್ಣಿನ ಹಸಿವಿನಿಂದಲೇ ಶಾಸ್ತ್ರ ಹುಟ್ಟಿದ್ದಲ್ಲವೇ? ನಿಮ್ಮ ಕಾಲೇಜಿನ ಮ್ಯೂಸಿಯಂ ನೆನಪಿದೆ ನನಗೆ. ಫಾರ್ಮಲಿನ್ ಬಾಟಲಿಗಳ ಸಾಲು. ಕಡಲ ಹೂವು, ಅಂಬಲಿಮೀನು, ಕಡಲ ಗೊಂಡೆಹುಳು, ಎಲ್ಲಕ್ಕೂ ಒಂದೇ ಬಣ್ಣ, ಬೇಯಿಸಿದ ಬಿಳಿ. ಚೀಟಿ ಓದದಿದ್ದರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಅತ್ತೆ: ಅದು ನಿಜ. ಎಲುಬಿಲ್ಲದ ಮೆತ್ತನೆಯ ಜೀವಗಳು ಬಾಟಲಿಯಲ್ಲಿ ಬಣ್ಣವನ್ನೂ ಬಿಡುತ್ತವೆ, ಆಕಾರವನ್ನೂ ಬಿಡುತ್ತವೆ. ಅದಕ್ಕೇ ಡ್ರೆಸ್ಡೆನ್‌ನ ಬ್ಲಾಷ್ಕಾ ತಂದೆ-ಮಗ ಅವುಗಳನ್ನು ಗಾಜಿನಲ್ಲಿ ಮಾಡಿದ್ದು. ಲಿಯೋಪೋಲ್ಡ್ ಮತ್ತು ರುಡಾಲ್ಫ್. 1863ರಿಂದ 1890ರವರೆಗೆ ಅದೇ ಕಸುಬು. ಲೋಕದ ಮ್ಯೂಸಿಯಂಗಳೆಲ್ಲ ತರಿಸಿಕೊಂಡವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಒಂದರಲ್ಲೇ ಐನೂರಕ್ಕೂ ಹೆಚ್ಚು ಉಂಟು.

ಅಳಿಯ: ಮೊದಮೊದಲು ಅವರು ಪುಸ್ತಕದ ಚಿತ್ರ ನೋಡಿ ಮಾಡಿದರು. ಆಮೇಲೆ ಮನೆಯಲ್ಲೇ ಅಕ್ವೇರಿಯಂ ಇಟ್ಟು, ಜೀವಂತ ಪ್ರಾಣಿ ತರಿಸಿಕೊಂಡು, ಅದನ್ನು ನೋಡುತ್ತಾ ಮಾಡಿದರು. ನಾನು ಕ್ಯಾಮೆರಾ ಹಿಡಿದು ಮಾಡುತ್ತಿರುವುದೂ ಅದೇ ಕೆಲಸ.

ಅತ್ತೆ: ಆ ಪುಸ್ತಕದ ಚಿತ್ರ ಬರೆದವನ ಕಥೆಯನ್ನೂ ಹೇಳು ಮತ್ತೆ. ಫಿಲಿಪ್ ಹೆನ್ರಿ ಗಾಸ್. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು 1853ರಲ್ಲಿ, ಅದರ ಹಿಂದೆ ಅವನ ಕೈ ಇತ್ತು. ಮರುವರ್ಷ ಅವನ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಇಂಗ್ಲೆಂಡಿನ ಮನೆಮನೆಯಲ್ಲಿ ಗಾಜಿನ ತೊಟ್ಟಿಯ ಹುಚ್ಚು ಹತ್ತಿತು. ಜನ ಸುತ್ತಿಗೆ, ಉಳಿ, ಬುಟ್ಟಿ ಹಿಡಿದು ಡೆವನ್ ತೀರಕ್ಕೆ ಹೋದರು. ಅವನ ಮಗ ಎಡ್ಮಂಡ್ 1907ರಲ್ಲಿ ‘ಫಾದರ್ ಅಂಡ್ ಸನ್’ ಬರೆಯುವ ಹೊತ್ತಿಗೆ, ಬಾಲ್ಯದಲ್ಲಿ ಅಪ್ಪನ ಜೊತೆ ನೋಡಿದ ಬಂಡೆಕೊಳಗಳು ಬರಿದಾಗಿದ್ದವು. ತನ್ನ ಪುಸ್ತಕಗಳೇ ಇದಕ್ಕೆ ದಾರಿ ಮಾಡಿದವು ಅಂತ ಅಪ್ಪನಿಗೂ ಗೊತ್ತಾಗಿ ಸಂಕಟವಾಗಿತ್ತಂತೆ. ಕಡಲನ್ನು ಅಷ್ಟು ಪ್ರೀತಿಸಿದವನು ಮಾರಾಯ ಅವನು. ದುರಾಸೆಯವನಲ್ಲ.

ಅಳಿಯ: ಆದರೆ ಆ ಚಿತ್ರಗಳು ಉಳಿದವಲ್ಲ ಅತ್ತೆ. ಅವನು ಬರೆಯದಿದ್ದರೆ ಆ ಕೊಳಗಳಲ್ಲಿ ಏನಿತ್ತು ಎಂದು ಇವತ್ತು ಯಾರಿಗೂ ತಿಳಿಯುತ್ತಿರಲಿಲ್ಲ.

ಅತ್ತೆ: ಅವನು ಬರೆಯದಿದ್ದರೆ ಕೊಳವೇ ಉಳಿಯುತ್ತಿತ್ತೋ ಏನೋ.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರುತ್ತಾರೆ. ಪಂಪಿನ ಸದ್ದು ಮಾತ್ರ ಕೇಳುತ್ತದೆ. ಅಳಿಯ ಲ್ಯಾಪ್‌ಟಾಪ್ ತೆರೆದು ಚಿತ್ರಗಳನ್ನು ತೋರಿಸತೊಡಗುತ್ತಾನೆ.)

ಅತ್ತೆ: ಇದು ನೀನೇ ತೆಗೆದದ್ದಾ? ಮೀಸೆಯ ಗಂಟುಗಂಟೂ ಕಾಣುತ್ತದಲ್ಲ. ಗಾಜಿನ ಆಚೆಯಿಂದ ಇಷ್ಟು ಸ್ಪಷ್ಟ ಹೇಗೆ ಬಂತು?

ಅಳಿಯ: ಮೊದಲು ಹಾಲಿನ ದೀಪ ಆರಿಸಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ನಮ್ಮ ಮುಖವೇ ಬರುತ್ತದೆ. ಪಂಪು ನಿಲ್ಲಿಸಿ, ತೇಲುವ ಕಣಗಳು ತಳಕ್ಕಿಳಿಯುವವರೆಗೆ ಕಾಯಬೇಕು. ಲೆನ್ಸಿಗೆ ರಬ್ಬರ್ ಹುಡ್ ಹಾಕಿ ಗಾಜಿಗೆ ನೇರವಾಗಿ ಹಿಡಿಯಬೇಕು. ಸ್ವಲ್ಪ ಓರೆಯಾದರೂ ಬೆಳಕು ಗಾಜಿನಲ್ಲಿ ಬಾಗಿ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ಫ್ಲ್ಯಾಶ್ ಕ್ಯಾಮೆರಾದ ಮೇಲಲ್ಲ, ತೊಟ್ಟಿಯ ಮೇಲೆ. ಮ್ಯಾಕ್ರೋ ಲೆನ್ಸಿನಲ್ಲಿ ಇಷ್ಟು ಹತ್ತಿರ ಹೋದರೆ ಫೋಕಸ್ ಸಿಗುವುದು ಒಂದೆರಡು ಮಿಲಿಮೀಟರ್‌ನಷ್ಟು ಆಳಕ್ಕೆ ಮಾತ್ರ. ಕಣ್ಣು ಸ್ಪಷ್ಟವಾದರೆ ಬಾಲ ಮಂಜು. ಉಳಿದದ್ದೆಲ್ಲ ಕಾಯುವ ಕೆಲಸ. ಕೊನೆಗೆ ಪಂಪು ಮತ್ತೆ ಹಾಕಲು ಮರೆಯಬಾರದು.

ಅತ್ತೆ: ಚಂದ ಉಂಟು. ಆದರೆ ಈ ಕೆಂಪು ಯಾರದ್ದು?

ಅಳಿಯ: ಯಾರದ್ದು ಅಂದರೆ? ಮೀನಿನದ್ದೇ.

ಅತ್ತೆ: ಕಡಲಿನಲ್ಲಿ ಹತ್ತು ಮೀಟರ್ ಇಳಿಯುವುದರೊಳಗೆ ಕೆಂಪು ಬೆಳಕು ಹೆಚ್ಚುಕಡಿಮೆ ಮುಗಿಯುತ್ತದೆ. ನೀರು ಅದನ್ನು ಹೀರಿಬಿಡುತ್ತದೆ. ನಿನ್ನ ಗೋಬಿ ಇಪ್ಪತ್ತು ಮೂವತ್ತು ಮೀಟರಿನದ್ದು. ಅದರ ಮನೆಯಲ್ಲಿ ಈ ಪಟ್ಟೆ ಮಾಸಿದ ಬೂದು ಆಗಿಯೋ ಕಪ್ಪಾಗಿಯೋ ಕಾಣುತ್ತದೆ. ಬಿಳಿ ಫ್ಲ್ಯಾಶ್ ಹೊಡೆದು ಕೆಂಪು ತಂದವನು ನೀನು. ಅಂದ ಮೇಲೆ ಇದು ಆ ಜೀವದ ಚಿತ್ರವಾ, ನಿನ್ನ ದೀಪದ ಚಿತ್ರವಾ?

ಅಳಿಯ: ಒಳ್ಳೆಯ ಪ್ರಶ್ನೆ. ಆದರೆ ಬಣ್ಣದ ಕಣ ಅದರ ಚರ್ಮದಲ್ಲೇ ಇದೆ, ನಾನು ಬಳಿದದ್ದಲ್ಲ. ಕತ್ತಲಲ್ಲಿ ಇಟ್ಟ ದಾಸವಾಳವೂ ಕೆಂಪೇ ಅಲ್ಲವೇ? ಇದಕ್ಕಿಂತ ದೊಡ್ಡ ಸುಳ್ಳು ಬೇರೆ ಇದೆ. ಬರೀ ನೀಲಿ ಎಲ್‌ಇಡಿ ಹಾಕಿ, ಹೊಳೆಯುವ ಹಸಿರನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ಏರಿಸಿ, ಇದು ಕಡಲೊಳಗಿನ ಬಣ್ಣ ಎಂದು ತೋರಿಸುವುದು. ಹಾಗೆ ನಾನು ಮಾಡುವುದಿಲ್ಲ. ಯಾವ ಬೆಳಕಿನಲ್ಲಿ ತೆಗೆದದ್ದು ಎಂದು ಪ್ರತಿ ಚಿತ್ರದ ಕೆಳಗೆ ಬರೆದಿಡುತ್ತೇನೆ.

ಅತ್ತೆ: ಬರೆದಿಡುತ್ತೀಯಾ? ತೋರಿಸು.

ಅಳಿಯ: ಇಲ್ಲಿದೆ ನೋಡಿ. ದಿನಾಂಕ, ನೀರಿನ ಉಷ್ಣಾಂಶ, ಉಪ್ಪಿನ ಅಂಶ, ಏನು ತಿಂದಿತು, ಯಾವಾಗ ಪೊರೆ ಕಳಚಿತು. ಈ ಸಾಲು ಚಿತ್ರಗಳನ್ನು ನಿಮಗೆ ತೋರಿಸಬೇಕೆಂದೇ ಇದ್ದೆ. ಸಿಗಡಿ ಬಂದಾಗ ಅದರ ದೊಡ್ಡ ಇಕ್ಕಳಗಾಲು ಮುರಿದು ಹೋಗಿತ್ತು. ಇದು ಮೊದಲ ಪೊರೆ ಕಳಚಿದ ಮೇಲೆ. ಇದು ಅದರ ಮುಂದಿನದು.

ಅತ್ತೆ: ತಡಿ ತಡಿ. ದೊಡ್ಡದಿದ್ದದ್ದು ಯಾವ ಕಡೆ?

ಅಳಿಯ: ಬಲಗಡೆ.

ಅತ್ತೆ: ಈಗ ಎಡಗಡೆಯ ಸಣ್ಣದೇ ಬೆಳೆದು ದೊಡ್ಡದಾಗಿದೆ. ಬಲಗಡೆ ಹೊಸದಾಗಿ ಚಿಗುರಿದ್ದು ಸಣ್ಣದು. ಅಯ್ಯೋ ದೇವರೇ, ಇದು ಅದೇ! ಆಸ್ಟ್ರಿಯಾದ ಹಾನ್ಸ್ ಪ್ರಿಬ್ರಾಂ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿದ್ದು. ಹೊಡೆಯುವ ಕಾಲು ಹೋದರೆ ಹೊಸದು ಪೂರ್ತಿ ಬೆಳೆಯುವವರೆಗೆ ಅದು ಕಾಯುವುದಿಲ್ಲ, ಇನ್ನೊಂದನ್ನೇ ಆಯುಧ ಮಾಡಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿ ಕಲಿಸಿದ್ದೇನೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದೇನೆ. ಕಂಡಿರಲಿಲ್ಲ.

ಅಳಿಯ: ಕಡಲಿನಲ್ಲಿ ಒಂದೇ ಸಿಗಡಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಇದನ್ನು ನೋಡಲು ಸಾಧ್ಯವೇ? ಬಿಲದ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಸಂಶೋಧಕರು ರಾಳ ಸುರಿದು ಅಚ್ಚು ತೆಗೆಯುತ್ತಾರೆ, ಅದರಿಂದ ಬಿಲದ ಆಕಾರವಷ್ಟೇ ಸಿಗುತ್ತದೆ. ಇಲ್ಲಿ ಅದು ಗಾಜಿಗೆ ಒತ್ತಿಕೊಂಡೇ ಬಿಲ ತೋಡಿದೆ, ರಾತ್ರಿ ಕೆಂಪು ಟಾರ್ಚಿನಲ್ಲಿ ಒಳಕೋಣೆಯೇ ಕಾಣುತ್ತದೆ. ಅದರ ‘ಟಪ್’ ಸದ್ದಿನ ಗುಟ್ಟೂ ಬಯಲಾದದ್ದು ತೊಟ್ಟಿಯಲ್ಲೇ. ಇಕ್ಕಳ ಬಡಿದು ಸದ್ದಾಗುತ್ತದೆ ಎಂದುಕೊಂಡಿದ್ದರು. 2000ನೇ ಇಸವಿಯಲ್ಲಿ ಡೆಟ್ಲೆಫ್ ಲೋಸೆ ಅವರ ತಂಡ ಅತಿವೇಗದ ಕ್ಯಾಮೆರಾ ಇಟ್ಟು ನೋಡಿತು. ಇಕ್ಕಳ ಮುಚ್ಚಿದ ವೇಗಕ್ಕೆ ಚಿಮ್ಮಿದ ನೀರಿನಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ, ಸದ್ದು ಬರುವುದು ಆ ಗುಳ್ಳೆ ಕುಸಿದಾಗ. ಮರುವರ್ಷ ಗೊತ್ತಾಯಿತು, ಕುಸಿಯುವಾಗ ಬೆಳಕೂ ಮಿಂಚುತ್ತದೆ, ಗುಳ್ಳೆಯೊಳಗಿನ ಶಾಖ 5000 ಕೆಲ್ವಿನ್‌ಗೂ ಏರುತ್ತದೆ ಎಂದು.

ಅತ್ತೆ: ಲ್ಯಾಬಿನ ಮಾತು ಬೇರೆ, ಅವರು ಒಂದು ಪ್ರಶ್ನೆ ಹಿಡಿದು ಕೂತವರು. ನಿನ್ನಂಥವರಲ್ಲಿ ಎಷ್ಟು ಜನ ಹೀಗೆ ಬರೆದಿಡುತ್ತಾರೆ? ನೂರರಲ್ಲಿ ಒಬ್ಬ ಇರಬಹುದು. ಉಳಿದವರು ಚಂದದ್ದು ತರುತ್ತಾರೆ, ಚಿತ್ರ ತೆಗೆಯುತ್ತಾರೆ, ಸತ್ತರೆ ಇನ್ನೊಂದು ತರುತ್ತಾರೆ. ನ್ಯೂಡಿಬ್ರಾಂಕ್ ಅಂತ ಉಂಟಲ್ಲ, ಚಿಪ್ಪಿಲ್ಲದ ಬಣ್ಣದ ಕಡಲ ಗೊಂಡೆಹುಳು. ಅದರಲ್ಲಿ ಒಂದೊಂದು ಜಾತಿಗೆ ಒಂದೊಂದೇ ಆಹಾರ. ಒಂದಕ್ಕೆ ಇಂಥದ್ದೇ ಸ್ಪಂಜು, ಇನ್ನೊಂದಕ್ಕೆ ಇಂಥದ್ದೇ ಕಡಲ ಹೂವು. ತೊಟ್ಟಿಯಲ್ಲಿ ಅದು ಸಿಗುವುದಿಲ್ಲ. ಚಿತ್ರದಲ್ಲಿ ಮಿಂಚುತ್ತಾ ಹಸಿವಿನಿಂದ ಸಾಯುತ್ತದೆ. ಚಿತ್ರ ನೋಡಿದವನಿಗೆ ಅದು ಕಾಣುವುದಿಲ್ಲ.

ಅಳಿಯ: ಅದಕ್ಕೇ ನಾನು ಅದನ್ನು ತಂದಿಲ್ಲ. ಕಡಲಕುದುರೆಯನ್ನೂ ತರುವುದಿಲ್ಲ. ಅದಕ್ಕೆ ಜಠರವೇ ಇಲ್ಲ, ದಿನಕ್ಕೆ ಹಲವು ಸಲ ತಿನ್ನುತ್ತಿರಬೇಕು, ಕೆಲಸಕ್ಕೆ ಹೋಗುವವನಿಗೆ ಅದು ಸಾಧ್ಯವಿಲ್ಲ.

ಅತ್ತೆ: ಸಾಧ್ಯವಿದ್ದರೂ ತರುವಂತಿಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಕಡಲಕುದುರೆ, ಹವಳ, ಕಡಲಸೌತೆ ಎಲ್ಲ ಸೇರಿದವು. ನಿನ್ನ ಈ ಕಲ್ಲು?

ಅಳಿಯ: ಸೆರಾಮಿಕ್. ಹವಳದ ಬಂಡೆ ಅಲ್ಲ. ಬ್ಯಾಕ್ಟೀರಿಯಾ ಬೆಳೆಯಲೆಂದು ವಾರಗಟ್ಟಲೆ ಖಾಲಿ ತೊಟ್ಟಿ ಓಡಿಸಿದೆ. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವವರೆಗೆ ಒಂದು ಜೀವವನ್ನೂ ಬಿಡಲಿಲ್ಲ. ಲೀಟರಿಗೆ 35 ಗ್ರಾಂ ಉಪ್ಪು. ನೀರು ಆವಿಯಾದರೆ ಉಪ್ಪು ಉಳಿದು ಗಟ್ಟಿಯಾಗುತ್ತದೆ, ಆದ್ದರಿಂದ ಆ ಜಾಗಕ್ಕೆ ಆರ್‌ಒ ನೀರು ಮಾತ್ರ. ಕರೆಂಟು ಹೋದರೆ ಬ್ಯಾಟರಿ ಪಂಪು. ಊರಿಗೆ ಬಾರದ್ದು ಸೋಮಾರಿತನದಿಂದಲ್ಲ ಅತ್ತೆ.

ಅತ್ತೆ: ಗೊತ್ತಾಯಿತು. ಈಗ ಆ ಮೂಲೆಯಿಂದ ಹೊರಬಂದ ಎರಡು ಕಿತ್ತಳೆ ಮೀನುಗಳು?

ಅಳಿಯ: ಕ್ಲೌನ್ ಮೀನು, ಹ್ಯಾಚರಿಯಲ್ಲಿ ಹುಟ್ಟಿದವು. ಕಡಲನ್ನು ನೋಡಿಯೇ ಇಲ್ಲ. ಇವುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ರೂಪಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರು ಅಲಂಕಾರಿಕ ಸಿಗಡಿಗಳನ್ನು ಸಾಕಿ ಬೆಳೆಸಲು ತರಬೇತಿ ಪಡೆದಿದ್ದಾರೆ. ಸಾಕುವವರಿಲ್ಲದಿದ್ದರೆ ಈ ವಿದ್ಯೆ ಬೆಳೆಯುತ್ತಿತ್ತೇ?

ಅತ್ತೆ: ಇದು ಒಪ್ಪುವ ಮಾತು. ಇದರಲ್ಲೇ ನಿಲ್ಲಬಹುದಿತ್ತಲ್ಲ ನೀನು. ಆದರೆ ಹ್ಯಾಚರಿಯಲ್ಲಿ ಹುಟ್ಟಿದ್ದು ಎಲ್ಲರ ಮನೆಯಲ್ಲೂ ಉಂಟು, ನಿನಗೆ ಅಪರೂಪದ್ದು ಬೇಕಾಯಿತು. ಅಪರೂಪದ್ದೇ ತೊಂದರೆಯದ್ದು. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಕಾರ್ಡಿನಲ್ ಮೀನು ಏನಾಯಿತು? ಸಹಜವಾಗಿ ಅದು ಇರುವುದು ಅಷ್ಟು ಜಾಗದಲ್ಲೇ. ಗಂಡು ಮೊಟ್ಟೆಯನ್ನು ಬಾಯಲ್ಲಿಟ್ಟು ಮರಿ ಮಾಡುತ್ತದೆ, ಮರಿಗಳು ದೂರ ತೇಲಿ ಹೋಗುವುದಿಲ್ಲ. ಒಂದು ಕಡೆ ಹಿಡಿದು ಮುಗಿಸಿದರೆ ಬೇರೆ ಕಡೆಯಿಂದ ಬಂದು ತುಂಬುವುದಿಲ್ಲ. 1990ರ ದಶಕದಲ್ಲಿ ಅಕ್ವೇರಿಯಂ ಪೇಟೆಯ ಕಣ್ಣಿಗೆ ಬಿತ್ತು. 2007ಕ್ಕೆ ಅಳಿವಿನಂಚಿನ ಪಟ್ಟಿಗೆ ಸೇರಿತು.

ಅಳಿಯ: ಅದನ್ನೂ ಈಗ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಾರೆ.

ಅತ್ತೆ: ಗಾಯ ಮಾಡಿದ ಮೇಲೆ ಮದ್ದು. ಇನ್ನೊಂದು ಕೇಳು. ಸಾಕಿದವನಿಗೆ ಬೇಜಾರಾಗಿ ಕಡಲಿಗೆ ಬಿಟ್ಟರೆ? ನಮ್ಮ ಹಿಂದೂ ಮಹಾಸಾಗರದ, ಪೆಸಿಫಿಕ್ಕಿನ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾದ ಹತ್ತಿರ ಕಂಡಿತು. ಅಕ್ವೇರಿಯಂನವರು ಬಿಟ್ಟದ್ದೇ ಇರಬೇಕು ಅನ್ನುತ್ತಾರೆ. ಈಗ ಕೆರಿಬಿಯನ್ ತುಂಬ ಅದೇ, ಅಲ್ಲಿಯ ಮರಿಮೀನುಗಳಿಗೆ ಯಮ.

ಅಳಿಯ: ಹಾಗಾದರೆ ನೋಡುವುದು ಹೇಗೆ ಅತ್ತೆ? ಎಲ್ಲರೂ ನಿಮ್ಮ ಹಾಗೆ ಕಡಲ ಪಕ್ಕ ಹುಟ್ಟಿದವರಲ್ಲ.

ಅತ್ತೆ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತದ ಹೊತ್ತಿಗೆ ಬಾ. ಸೋಮೇಶ್ವರದ ಬಂಡೆ ಉಂಟು, ಕಾಪು ದೀಪಸ್ತಂಭದ ಬುಡ ಉಂಟು. ಕಡಲ ಹೂವು, ಸನ್ಯಾಸಿ ಏಡಿ, ಅದೃಷ್ಟ ಇದ್ದರೆ ನ್ಯೂಡಿಬ್ರಾಂಕ್. ಕಲ್ಲು ಎತ್ತಿದರೆ ಮೊದಲಿದ್ದ ಹಾಗೇ ಇಡು, ಚಿತ್ರ ತೆಗೆದು ಬರಿಗೈಯಲ್ಲಿ ಹೋಗು. ಮುಂಬಯಿಯಲ್ಲಿ 2017ರಿಂದ ‘ಮರೀನ್ ಲೈಫ್ ಆಫ್ ಮುಂಬೈ’ಯವರು ಅದನ್ನೇ ಮಾಡುತ್ತಿದ್ದಾರೆ. ಅಷ್ಟು ಕೊಳೆ ನೀರಿನ ತೀರದಲ್ಲಿ ಎಷ್ಟೆಲ್ಲ ಜೀವ ಉಂಟು ಅಂತ ಊರಿಗೇ ತೋರಿಸಿಕೊಟ್ಟರು. ಒಂದನ್ನೂ ಮನೆಗೆ ತರಲಿಲ್ಲ.

ಅಳಿಯ: ಬರುತ್ತೇನೆ, ಖಂಡಿತ. ಆದರೆ ಇಳಿತದಲ್ಲಿ ನನಗೆ ಸಿಗುವುದು ಒಂದೆರಡು ಗಂಟೆ. ಮಳೆಗಾಲದಲ್ಲಿ ಅದೂ ಇಲ್ಲ. ಬಂಡೆಯ ಮೇಲೆ ಜೀವ ಇದೆ ಎಂದು ಗೊತ್ತಾಗುತ್ತದೆ, ಅದು ಬದುಕುವ ಬಗೆ ಗೊತ್ತಾಗುವುದಿಲ್ಲ. ಮತ್ತೆ ನನ್ನಂಥ ನೂರಾರು ಜನ ಆ ಬಂಡೆ ತುಳಿದರೆ ಗಾಸ್ ಕಾಲದ ಕಥೆಯೇ ಅಲ್ಲವೇ? ಇಕ್ಕಳಗಾಲಿನ ಚಿತ್ರ ನೋಡಿ ನೀವು ದೇವರನ್ನು ಕರೆದಿರಿ. ಅದು ಬಂಡೆಯ ಮೇಲೆ ಸಿಗುತ್ತಿರಲಿಲ್ಲ.

ಅತ್ತೆ: ಕರೆದೆ, ಇಲ್ಲ ಅನ್ನುವುದಿಲ್ಲ. ಆ ಚಿತ್ರಗಳ ಪ್ರತಿಯೂ ನನಗೆ ಬೇಕು, ಕಾಲೇಜಿಗೆ ಕೊಡುತ್ತೇನೆ. ಆದರೂ ಈ ಗೋಬಿ ಇಲ್ಲಿ ಇರಬಾರದಿತ್ತು ಅನ್ನುವ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ.

ಅಳಿಯ: ಬಂದಾಗಿದೆ. ಇನ್ನು ಅದನ್ನು ಆಯಸ್ಸು ಇರುವಷ್ಟು ಕಾಲ ನೋಡಿಕೊಳ್ಳುವುದು ನನ್ನ ಹೊಣೆ. ಇದು ಹೋದ ಮೇಲೆ, ಎಲ್ಲಿ ಹುಟ್ಟಿತು ಎಂದು ಹೇಳಲಾಗದ ಜೀವವನ್ನು ತರುವುದಿಲ್ಲ. ಅಷ್ಟು ಒಪ್ಪುತ್ತೇನೆ. ತೊಟ್ಟಿಯೇ ತಪ್ಪು ಎಂದು ಮಾತ್ರ ಒಪ್ಪುವುದಿಲ್ಲ.

(ಮಾತು ಇಲ್ಲಿಗೆ ನಿಂತಿತು, ಮುಗಿಯಲಿಲ್ಲ. ಕಡಲಿನಿಂದ ಹಿಡಿದು ತಂದ ಜೀವವನ್ನು ಮನೆಯಲ್ಲಿಡಬಹುದೇ ಎಂಬಲ್ಲಿ ಇಬ್ಬರದೂ ಎರಡು ದಾರಿ. ಆದರೆ ಇಷ್ಟರಲ್ಲಿ ಒಮ್ಮತವಿದೆ: ಟಿಪ್ಪಣಿ ಇಲ್ಲದ ಚಿತ್ರಕ್ಕೆ ಶೋಕಿಯ ಬೆಲೆ ಮಾತ್ರ, ಆಹಾರ ಗೊತ್ತಿಲ್ಲದ ಪ್ರಾಣಿಯನ್ನು ತರುವುದು ಅದನ್ನು ಕೊಲ್ಲುವ ಇನ್ನೊಂದು ಬಗೆ, ತೊಟ್ಟಿಯ ಜೀವವನ್ನು ಯಾವ ಕಾರಣಕ್ಕೂ ಕೆರೆಗೂ ಕಡಲಿಗೂ ಬಿಡಬಾರದು. ಉಪ್ಪುನೀರಿನ ತೊಟ್ಟಿ ಇಡುವ ಆಸೆ ನಿಮಗೂ ಇದ್ದರೆ, ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಹುಟ್ಟಿದ್ದು ಎಲ್ಲಿ, ತಿನ್ನುವುದು ಏನು? ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ಹಿಂದಿರುಗಿ.)